ಹಪ್ಪಳ ಕೊಳ್ಳುವವರ ವಯಸ್ಸನ್ನಲ್ಲ, ಅವರಿರುವ ಊರನ್ನು ಹುಡುಕಿ

ಹಲಸಿನ ಹಪ್ಪಳದ ಜಾಹೀರಾತಿಗೆ ಫೇಸ್‌ಬುಕ್ ಒಳ್ಳೆಯದೋ ಇನ್‌ಸ್ಟಾಗ್ರಾಮೋ, ಯಾವ ವಯಸ್ಸಿನ ಹೆಂಗಸರನ್ನು ಆರಿಸಬೇಕು ಎಂದು ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿಕೊಂಡು ಶುರುಮಾಡಿದವಳು. ನನ್ನದು ಹಪ್ಪಳವಲ್ಲ, ಅಪ್ಪೆಮಿಡಿ ಎಂಬ ಎಳೆ ಮಾವಿನಕಾಯಿಯ ಉಪ್ಪಿನಕಾಯಿ.

ನಮ್ಮದು ಶಿರಸಿ ತಾಲೂಕಿನ ಒಳಭಾಗದ ಹಳ್ಳಿ. ಜೀರಿಗೆಯ ಪರಿಮಳವಿರುವ ಜೀರಿಗೆ ಮಿಡಿಯಿಂದ ಅತ್ತೆ ಹಾಕುವ ಉಪ್ಪಿನಕಾಯಿ ನೆಂಟರಿಷ್ಟರಲ್ಲೆಲ್ಲ ಹೆಸರುವಾಸಿ. ಆ ವರ್ಷ ಮರ ತುಂಬ ಮಿಡಿ ಬಿಟ್ಟಿತ್ತು. ಅಪ್ಪೆಮಿಡಿಯನ್ನು ತೊಟ್ಟು ಸಮೇತ ಕೊಯ್ಯಬೇಕು. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ, ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಯಲ್ಲಿ ಬಾಳುವುದಿಲ್ಲ. ಹಾಗಾಗಿ ಮರ ಹತ್ತುವವರ ಕೂಲಿಯೇ ದೊಡ್ಡ ಖರ್ಚು. ಅಷ್ಟನ್ನೂ ಮಾಡಿ, ಉಪ್ಪಿನಲ್ಲಿ ಹಾಕಿ, ಭರಣಿ ತುಂಬಿಸಿ, ಫೇಸ್‌ಬುಕ್ ಜಾಹೀರಾತಿಗೆ ಕುಳಿತೆ. ಜಾಗ, ವಯಸ್ಸು, ಗಂಡೋ ಹೆಣ್ಣೋ ಎಂದು ಕೇಳಿತು. ಉತ್ತರ ಕನ್ನಡ ಜಿಲ್ಲೆ, ಮೂವತ್ತರಿಂದ ಐವತ್ತೈದರ ಹೆಂಗಸರು ಎಂದು ತುಂಬಿದೆ. ಉಪ್ಪಿನಕಾಯಿ ಅಡುಗೆಮನೆಯ ವಿಷಯ, ಅಡುಗೆಮನೆ ಹೆಂಗಸರದು ಎಂಬ ನಂಬಿಕೆ.

ಮೆಚ್ಚುಗೆಗಳು ಬಂದವು. ‘ಮಿಡಿ ಎಲ್ಲಿಯದು?’, ‘ಖಾರಕ್ಕೆ ಯಾವ ಮೆಣಸು?’ ಎಂಬ ಪ್ರಶ್ನೆಗಳು ಬಂದವು. ಆರ್ಡರ್ ಮಾತ್ರ ಇಲ್ಲ. ಜಾಹೀರಾತು ಸಾಲದಾಯಿತೇನೋ ಎಂದುಕೊಂಡು ಮತ್ತೆ ಹಣ ಹಾಕಿದೆ. ಅಡಿಕೆ ಮಾರಿ ಉಳಿಸಿದ್ದ ದುಡ್ಡಿನ ದೊಡ್ಡ ಪಾಲು ಹಾಗೇ ಕರಗಿತು.

ಎಲ್ಲಿ ತಪ್ಪಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದೇ ಹೆಜ್ಜೆ ಇಡಲು ಹೊರಟಿದ್ದೀರಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೆಂಗಸಿಗೆ ಮಿಡಿ ಉಪ್ಪಿನಕಾಯಿಯ ಚಿತ್ರ ತೋರಿಸಿದರೆ ಅವಳು ಗಿರಾಕಿಯಾಗುವುದಿಲ್ಲ, ಪರೀಕ್ಷಕಿಯಾಗುತ್ತಾಳೆ. ಅವಳ ಮನೆಯಲ್ಲೇ ಹೋದ ವರ್ಷದ ಭರಣಿ ಇನ್ನೂ ಖಾಲಿಯಾಗಿರುವುದಿಲ್ಲ. ಮೇಲಾಗಿ ಜಿಲ್ಲೆಯ ಹೆಸರು ಆರಿಸಿದರೆ ಇಲ್ಲಿ ವಾಸವಿರುವವರಷ್ಟೇ ಅಲ್ಲ, ಇತ್ತೀಚೆಗೆ ಇಲ್ಲಿಗೆ ಬಂದುಹೋದವರೂ ಎಣಿಕೆಗೆ ಸೇರುತ್ತಾರೆ. ಗೋಕರ್ಣದ ಕಡಲು ನೋಡಿ ಹೋದವರಿಗೂ, ಮುರ್ಡೇಶ್ವರಕ್ಕೆ ಕೈಮುಗಿದು ಹೋದವರಿಗೂ ನನ್ನ ಉಪ್ಪಿನಕಾಯಿ ಕಂಡಿರಬೇಕು, ಅದಕ್ಕೂ ದುಡ್ಡು ಕೊಟ್ಟವಳು ನಾನೇ.

ಇನ್ನು ವಯಸ್ಸು. ಖಾತೆ ತೆರೆಯುವಾಗ ನಾವು ಬರೆದ ಹುಟ್ಟಿದ ದಿನಾಂಕವೇ ಅದಕ್ಕೆ ಮುಖ್ಯ ಆಧಾರ. ನಮ್ಮ ಮನೆಯಲ್ಲಿ ಅತ್ತೆ ನೋಡುವ ಫೇಸ್‌ಬುಕ್ ನನ್ನ ಮೈದುನನ ಹಳೆಯ ಖಾತೆ. ಭಜನೆ, ಹಸಿಗೊಜ್ಜಿನ ವಿಡಿಯೋ, ಸೀರೆ ಎಲ್ಲವನ್ನೂ ನೋಡುವವರು ಅತ್ತೆ, ಲೆಕ್ಕದ ಪಟ್ಟಿಯಲ್ಲಿರುವುದು ಒಬ್ಬ ತರುಣ. ನಮ್ಮ ಕೇರಿಯಲ್ಲಿ ಇಂಥ ಮನೆಗಳು ಎಷ್ಟೋ ಇವೆ. ಭಾರತದಲ್ಲಿ ಫೇಸ್‌ಬುಕ್ ಖಾತೆಗಳಲ್ಲಿ ಗಂಡಸರ ಪಾಲೇ ಹೆಚ್ಚು. ಹೆಂಗಸರು ಎಂದು ಗುರುತು ಹಾಕಿದ ಕ್ಷಣವೇ ನಾನು ಅತ್ತೆಯಂಥವರನ್ನೂ, ದುಡ್ಡು ಕೊಡುವ ಗಂಡಸರನ್ನೂ ಒಟ್ಟಿಗೆ ಹೊರಗಿಟ್ಟಿದ್ದೆ.

ವ್ಯಾಪಾರ ಕುದುರಿದ್ದು ಬೇರೆ ದಾರಿಯಲ್ಲಿ. ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗಳು ಒಂದು ಫೋಟೋವನ್ನು ತನ್ನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದಳು. ಪುಣೆಯಿಂದ ಒಬ್ಬರ ಸಂದೇಶ ಬಂತು: ‘ಹೆಂಡತಿಗೆ ಏಳನೇ ತಿಂಗಳು. ತವರು ಸೋಂದಾ ಕಡೆ. ಮಿಡಿ ಉಪ್ಪಿನಕಾಯಿ ಇಲ್ಲದೆ ಊಟ ಸೇರುತ್ತಿಲ್ಲ. ಬೇಗ ಕಳಿಸಿಕೊಡಿ.’ ಆಮೇಲೆ ಬೆಂಗಳೂರು, ಮುಂಬೈ ಎಂದು ಆರ್ಡರ್‌ಗಳು ಬಂದವು. ಪಾರ್ಸೆಲ್‌ಗಳ ಮೇಲೆ ವಿಳಾಸ ಬರೆಯುತ್ತ ನೋಡಿದೆ, ಹೆಸರುಗಳಲ್ಲಿ ಗಂಡಸರವೇ ಜಾಸ್ತಿ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿದ್ದರು, ಮಗನ ಮನೆಯಲ್ಲಿರುವ ನಿವೃತ್ತರಿದ್ದರು. ಅವರೆಲ್ಲರಲ್ಲಿ ಸಮಾನವಾಗಿದ್ದದ್ದು ಒಂದೇ, ಊರು ಬಿಟ್ಟವರು ಎಂಬುದು.

ಹಾಗಾಗಿ ‘ಯಾವ ವಯಸ್ಸು’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಲಕ್ಷಗಟ್ಟಲೆ ಸೋಪು ಮಾರುವ ಕಂಪನಿಗೆ ವಯಸ್ಸಿನ ಪಟ್ಟಿಯಿಂದ ಲಾಭವಿದೆ, ಅಂಗಳದಲ್ಲಿ ಹಪ್ಪಳ ಒಣಗಿಸುವ ನಮಗೆ ಇಲ್ಲ. ಯುವಜನರೆಲ್ಲ ಇನ್‌ಸ್ಟಾಗ್ರಾಮ್‌ನ ಕಿರು ವಿಡಿಯೋ, ಅಂದರೆ ರೀಲ್ಸ್‌ನಲ್ಲೇ ಇದ್ದಾರೆ ಎಂದೂ ಬರೆದಿದ್ದೀರಿ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಮರು ತಿಂಗಳೇ ರೀಲ್ಸ್ ಬಂದ ಮೇಲೆ ಅದು ನಿಜವೇ. ಆದರೆ ನೋಡುವ ಸಾವಿರ ಜನರಲ್ಲಿ ಹಲಸಿನ ಹಪ್ಪಳದ ರುಚಿ ಗೊತ್ತಿರುವವರು ಎಷ್ಟು ಮಂದಿ?

ವಯಸ್ಸನ್ನು ಪೂರ್ತಿ ತೆರೆದಿಡಿ, ಗಂಡು ಹೆಣ್ಣು ಇಬ್ಬರನ್ನೂ ಸೇರಿಸಿ. ನಮ್ಮ ಜಿಲ್ಲೆಯನ್ನು ಬಿಟ್ಟು ಬೆಂಗಳೂರು, ಪುಣೆ, ಮುಂಬೈ ಆರಿಸಿ. ಜಾಹೀರಾತು ಕನ್ನಡದಲ್ಲೇ ಇರಲಿ, ಬೇಡದವರು ಓದದೆ ದಾಟಿ ಹೋಗುತ್ತಾರೆ. ಫೇಸ್‌ಬುಕ್ಕೋ ಇನ್‌ಸ್ಟಾಗ್ರಾಮೋ ಎಂಬ ಚಿಂತೆ ಆಮೇಲಿನದು, ಎರಡರಲ್ಲೂ ಸ್ವಲ್ಪ ಸ್ವಲ್ಪ ಹಾಕಿ ನೋಡಿ.

ಅದಕ್ಕಿಂತ ಹೆಚ್ಚಾಗಿ, ಒಮ್ಮೆ ಕೊಂಡವರನ್ನು ಕೈಬಿಡಬೇಡಿ. ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ಸಂಖ್ಯೆಯನ್ನು ತಮ್ಮ ಮೊಬೈಲ್‌ನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಪ್ರತಿ ಕಟ್ಟಿನೊಳಗೂ ‘ಈ ಸಂಖ್ಯೆ ಉಳಿಸಿಕೊಳ್ಳಿ’ ಎಂಬ ಚೀಟಿ ಇಡಿ. ಮೇ ತಿಂಗಳಲ್ಲಿ ಹಪ್ಪಳ ಒಣಗುತ್ತಿರುವಾಗಲೇ ಅವರಿಗೆ ತಿಳಿಸಿ. ಮಳೆ ಹಿಡಿದು ಕರಿದ ಹಪ್ಪಳದ ಆಸೆ ಹುಟ್ಟುವ ಹೊತ್ತಿಗೆ ನಿಮ್ಮ ಕಟ್ಟು ಅವರ ಮನೆಯಲ್ಲಿರಬೇಕು.