ಓದುಗರ ಪ್ರಶ್ನೆ, ನಮ್ಮ ಉತ್ತರ: ರೇಡಿಯೋದ ಅಪರ್ಣಾ ಎಲ್ಲಿ ಸಿಗುತ್ತಾರೆ?

ಪ್ರಶ್ನೆ: ನಿರೂಪಕಿ ಅಪರ್ಣಾ ವಸ್ತಾರೆ ತೀರಿಕೊಂಡಾಗ ಎಲ್ಲರೂ ಬರೆದದ್ದು ಬೆಂಗಳೂರು ಮೆಟ್ರೋದಲ್ಲಿ ನಿಲ್ದಾಣದ ಹೆಸರು ಹೇಳುವ ಅವರ ದನಿ ಬಗ್ಗೆ, ಇಲ್ಲವೇ ಟಿವಿಯ ‘ಮಜಾ ಟಾಕೀಸ್’ನ ವರಲಕ್ಷ್ಮಿ ಪಾತ್ರದ ಬಗ್ಗೆ. ನನಗೆ ಅವರು ಯಾವತ್ತೂ ರೇಡಿಯೋ ಅಪರ್ಣಾ. ಆ ಕಾರ್ಯಕ್ರಮಗಳು ಈಗ ಕೇಳೋಕೆ ಸಿಗುತ್ತವಾ? ನಮ್ಮ ಬಡಾವಣೆಯಲ್ಲಿ ಅವರ ನೆನಪಿಗೊಂದು ಸಂಜೆ ಮಾಡಬೇಕು ಅಂತಿದ್ದೇವೆ.
(ಓದುಗರೊಬ್ಬರು, ಬಸವನಗುಡಿ)

ಉತ್ತರ: ಸಿಗೋದು ಕಷ್ಟ. 2024ರ ಜುಲೈ 11ರಂದು ಅವರು ಹೋದಾಗ ಟಿವಿಯವರ ಹತ್ತಿರ ತೋರಿಸೋಕೆ ಬೇಕಾದಷ್ಟಿತ್ತು. ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ ‘ಮಸಣದ ಹೂವು’, ಚಂದನದ ನಿರೂಪಣೆ, ಧಾರಾವಾಹಿ, ಎಲ್ಲವೂ. 1993ರಲ್ಲಿ ಆಕಾಶವಾಣಿಯ ಎಫ್‌ಎಂ ಸೇರಿದ ಅಪರ್ಣಾ ಮಾತ್ರ ಎಲ್ಲೂ ಕಾಣಲಿಲ್ಲ, ಯಾಕೆಂದರೆ ನೇರ ಪ್ರಸಾರದಲ್ಲಿ ಉದ್ಘೋಷಕರು ಆಡಿದ್ದು ಮೈಕಿನಿಂದ ಟ್ರಾನ್ಸ್‌ಮಿಟರಿಗೆ, ಅಲ್ಲಿಂದ ಗಾಳಿಗೆ, ಅಷ್ಟೇ. ಸಂಗೀತ ಕಛೇರಿ, ನಾಟಕ, ದೊಡ್ಡವರ ಭಾಷಣ ಇವನ್ನು ಎತ್ತಿಡುತ್ತಿದ್ದರು. ಟೇಪು ದುಬಾರಿ, ಅಳಿಸಿ ಮತ್ತೆ ಬಳಸುತ್ತಿದ್ದ ಕಾಲ ಅದು. ಎರಡು ಹಾಡಿನ ನಡುವೆ ಯಾರೋ ಆಡಿದ ನಾಲ್ಕು ಮಾತನ್ನು ಯಾರು ಕಾಪಾಡುತ್ತಾರೆ?

ಆದರೆ ಅವರ ಕೆಲಸ ಇದ್ದದ್ದೇ ಆ ನಾಲ್ಕು ಮಾತಿನಲ್ಲಿ ಅಲ್ವಾ. ‘ಹಾಲು’ ಎಂದೂ ‘ಆಲು’ ಆಗುತ್ತಿರಲಿಲ್ಲ, ಳಕಾರ ಲಕಾರದ ಜಾಗಕ್ಕೆ ಬರುತ್ತಿರಲಿಲ್ಲ, ಹಾಗಂತ ಮೇಷ್ಟ್ರು ಪಾಠ ಒಪ್ಪಿಸಿದ ಹಾಗೂ ಇರುತ್ತಿರಲಿಲ್ಲ. ಮೆಟ್ರೋದಲ್ಲಿ ‘ಮುಂದಿನ ನಿಲ್ದಾಣ’ ಅನ್ನುವಾಗ ಗಮನಿಸಿ: ಅವಸರವಿಲ್ಲ, ಎಳೆದಾಟವಿಲ್ಲ, ಊರಿನ ಹೆಸರಿಗೆ ಮುಂಚೆ ಒಂದು ಚೂರು ಬಿಡುವು. ಅದು ರೇಡಿಯೋ ಕಲಿಸುವ ಪಾಠ. ಕೇಳುವವರಿಗೆ ಮುಖ ಕಾಣದಿದ್ದಾಗ ಬಿಡುವೇ ಕಣ್ಣಿನ ಕೆಲಸ ಮಾಡಬೇಕು.

ನಿಮ್ಮ ಸಂಜೆಗೆ ಒಂದು ಸಲಹೆ. ದಯವಿಟ್ಟು ಆರು ಜನ ಗಣ್ಯರನ್ನು ಕೂರಿಸಿ ನುಡಿನಮನ ಮಾಡಿಸಬೇಡಿ. ಒಂದು ಮೈಕ್ ಇಡಿ. ಬಡಾವಣೆಯ ಹುಡುಗ ಹುಡುಗಿಯರಿಂದ ಒಂದೊಂದು ಹಾಡನ್ನು ಪರಿಚಯ ಮಾಡಿಸಿ, ಬರೆದುಕೊಳ್ಳದೆ, ಅರ್ಧ ನಿಮಿಷ. ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತೆ. ಹಳೇ ಕೇಳುಗರಿಗೆ ಮನೆಯ ಕ್ಯಾಸೆಟ್ ಹುಡುಕಲು ಹೇಳಿ.

ಪ್ರಶ್ನೆ: ಎಫ್‌ಎಂನಿಂದ ಹಾಡು ತುಂಬಿಸಿದ ಕ್ಯಾಸೆಟ್ ಅಟ್ಟದ ಮೇಲೆ ರಾಶಿ ಇದೆ. ಮನೆಯವಳು ಎಸೆಯಿರಿ ಅಂತಿದ್ದಾಳೆ. ಏನಾದರೂ ಬೆಲೆ ಇದೆಯೇ?
(ನಿವೃತ್ತ ಬ್ಯಾಂಕ್ ನೌಕರರು, ಮೈಸೂರು)

ಉತ್ತರ: ಎಸೆಯಬೇಡಿ ಸಾರ್. ಮನೆಯವರಿಗೆ ನಮ್ಮ ಹೆಸರು ಹೇಳಿ ಸ್ವಲ್ಪ ದಿನ ತಳ್ಳಿ.

ಆಗ ನಾವೆಲ್ಲ ಏನು ಮಾಡುತ್ತಿದ್ದೆವು ನೆನಪಿದೆಯಾ? ರೆಕಾರ್ಡಿಂಗ್ ತಡೆದು ಹಿಡಿಯುವ ಪಾಜ್ ಗುಂಡಿ ಮೇಲೆ ಬೆರಳಿಟ್ಟು ಕೂತು, ಉದ್ಘೋಷಕರು ಮಾತು ನಿಲ್ಲಿಸಿದ ತಕ್ಷಣ ಬಿಡುತ್ತಿದ್ದೆವು. ನಮಗೆ ಹಾಡು ಬೇಕಿತ್ತು, ಮಾತು ಅಡ್ಡಿ. ಹಾಡುಗಳು ಇವತ್ತು ಫೋನಿನಲ್ಲೇ ಸಿಗುತ್ತವೆ. ಬೆರಳು ತಡವಾಗಿ ಗುಂಡಿ ಒತ್ತಿದ ಕಡೆ ಹಾಡಿನ ಕೊನೆಗೆ ತಗಲಿಕೊಂಡ ಆ ಅರ್ಧ ವಾಕ್ಯ ಇದೆ ನೋಡಿ, ಅದು ಇನ್ನೆಲ್ಲೂ ಸಿಗಲ್ಲ.

ಮೊದಲು ಕ್ಯಾಸೆಟ್‌ನ ಮೇಲಂಚಿನ ಎರಡು ಪ್ಲಾಸ್ಟಿಕ್ ಚೂರು ಮುರಿಯಿರಿ, ತಪ್ಪಿ ರೆಕಾರ್ಡ್ ಒತ್ತಿದರೂ ಅಳಿಯುವುದಿಲ್ಲ. ಪ್ಲೇಯರಿನ ಹೆಡ್ಡನ್ನು (ಟೇಪು ತಾಗಿ ಓಡುವ ಲೋಹದ ಭಾಗ) ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸಿ. ಟೇಪನ್ನು ಒಮ್ಮೆ ಕೊನೆತನಕ ಓಡಿಸಿ ವಾಪಸ್ ಸುತ್ತಿಸಿ, ಆಮೇಲೆ ಕೇಳಿ. ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರ್ ಹಾಕಿ, ಅಡಾಸಿಟಿ ಅನ್ನುವ ಉಚಿತ ತಂತ್ರಾಂಶದಲ್ಲಿ ತುಂಬಿಸಿಕೊಳ್ಳಿ. ಎಂಪಿ3 ಬೇಡ, ಮೊದಲ ಪ್ರತಿ ದನಿಯನ್ನು ಕುಗ್ಗಿಸದ ವೇವ್ ಫೈಲ್ ಇರಲಿ. ತಾರೀಖು ಗೊತ್ತಿದ್ದರೆ ಬರೆದಿಡಿ. ನಾಲ್ಕು ಜನಕ್ಕೆ ಹಂಚುವುದಾದರೆ ಹಾಡು ಕತ್ತರಿಸಿ, ಅದರ ಹಕ್ಕು ಬೇರೆಯವರದು. ಪ್ರಸಾರ ಸಂಸ್ಥೆಗೂ ತನ್ನ ಪ್ರಸಾರದ ಮೇಲೆ 25 ವರ್ಷ ಹಕ್ಕಿರುತ್ತದೆ.

ಪ್ರಶ್ನೆ: ಎಐ ಬಳಸಿ ಹೊಸ ಮೆಟ್ರೋ ನಿಲ್ದಾಣಗಳ ಹೆಸರನ್ನೂ ಅಪರ್ಣಾ ದನಿಯಲ್ಲೇ ಹೇಳಿಸಬಹುದಲ್ಲ?
(ಇಂಜಿನಿಯರಿಂಗ್ ವಿದ್ಯಾರ್ಥಿ, ಯಲಹಂಕ)

ಉತ್ತರ: ತಂತ್ರಜ್ಞಾನ ಇದೆ. ಅಪರ್ಣಾ ಮನೆಯವರು ಒಪ್ಪಿದರೂ ನನ್ನ ಮನಸ್ಸು ಒಪ್ಪಲ್ಲ. ಲಂಡನ್ನಿನ ಎಂಬ್ಯಾಂಕ್‌ಮೆಂಟ್ ನಿಲ್ದಾಣದಲ್ಲಿ ಆಸ್ವಾಲ್ಡ್ ಲಾರೆನ್ಸ್ ಎಂಬ ನಟರ ಎಚ್ಚರಿಕೆಯ ದನಿ ಇತ್ತು. 2007ರಲ್ಲಿ ಅವರು ತೀರಿಕೊಂಡ ಮೇಲೂ ಅವರ ಹೆಂಡತಿ ಆ ದನಿ ಕೇಳಲೆಂದೇ ಅಲ್ಲಿಗೆ ಹೋಗುತ್ತಿದ್ದರು. ಅದನ್ನು ಬದಲಿಸಿದಾಗ ಹೆಂಡತಿ ಕೇಳಿಕೊಂಡರು, 2013ರಲ್ಲಿ ಹಳೆಯ ದನಿಯನ್ನೇ ವಾಪಸ್ ಹಾಕಿದರು. ಲಾರೆನ್ಸ್ ಆಡಿದ ಮಾತನ್ನೇ ಹಾಕಿದ್ದು, ಹೊಸದಾಗಿ ಏನನ್ನೂ ಹೇಳಿಸಲಿಲ್ಲ. ಇಲ್ಲೂ ಅಷ್ಟೇ, ಅಪರ್ಣಾ ಹೇಳಿದ ನಿಲ್ದಾಣಗಳು ಹಾಗೇ ಇರಲಿ. ಹೊಸ ನಿಲ್ದಾಣಗಳಿಗೆ ಆಕಾಶವಾಣಿಯಲ್ಲಿ ಪಾಳಿ ಲೆಕ್ಕದಲ್ಲಿ ದುಡಿಯುವ ಕ್ಯಾಶುವಲ್ ಉದ್ಘೋಷಕರನ್ನು ಕರೆಯಲಿ. ಒಳ್ಳೇ ಕನ್ನಡ ಬರುತ್ತೆ, ಸಂಬಳವೂ ಬೇಕಾಗಿದೆ.