ಎಲ್ಲರ ದೂರೂ ಒಬ್ಬರ ಫೋನಿಗೆ: ಮೆಡಿಕಲ್ ಕಾಲೇಜಿನ ಸಮಾನ ಅವಕಾಶ ಘಟಕದ ಮೇಡಂ

ಇದು ನನ್ನ ಬಳಿ ಸಲಹೆಗೆ ಬಂದ ಒಬ್ಬ ಪ್ರಾಧ್ಯಾಪಕಿಯ ಪ್ರಕರಣ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರು, ವಿಭಾಗ, ಕೆಲವು ಘಟನೆಗಳ ವಿವರ ಬದಲಿಸಿದ್ದೇನೆ. ಉತ್ತರ ಕರ್ನಾಟಕದ ಒಂದು ಮೆಡಿಕಲ್ ಕಾಲೇಜು ಅಂದುಕೊಂಡರೆ ಸಾಕು. ವಿದ್ಯಾರ್ಥಿಗಳು ಕರೆಯುವ ಹಾಗೆ ನಾನೂ ಇಲ್ಲಿ ಅವರನ್ನು ಮೇಡಂ ಎಂದೇ ಕರೆಯುತ್ತೇನೆ.

ಮೇಡಂ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ಥೈರಾಯ್ಡ್, ಶುಗರ್, ಹಿಮೋಗ್ಲೋಬಿನ್ ಎಲ್ಲ ಆಗಲೇ ಟೆಸ್ಟ್ ಮಾಡಿಸಿಕೊಂಡಿದ್ದರು, ಎಲ್ಲವೂ ಸರಿಯಿತ್ತು. ರಾತ್ರಿ ಎರಡಕ್ಕೋ ಮೂರಕ್ಕೋ ಎಚ್ಚರ ಆಗುತ್ತದೆ, ಕೈ ನೇರ ಫೋನಿಗೆ ಹೋಗುತ್ತದೆ, ಹಾಸ್ಟೆಲ್‌ನಿಂದ ಯಾರಾದರೂ ಮೆಸೇಜ್ ಹಾಕಿದ್ದಾರಾ ಅಂತ ನೋಡುತ್ತಾರೆ, ಹಾಕಿಲ್ಲದಿದ್ದರೆ ಯಾಕೆ ಹಾಕಿಲ್ಲ ಅನ್ನುವ ಚಿಂತೆ ಶುರು. ಮಗಳ ಮೇಲೆ ಸಣ್ಣಸಣ್ಣದಕ್ಕೂ ರೇಗುತ್ತಿದ್ದರು. ಡಿಪಾರ್ಟ್‌ಮೆಂಟಿನ ಬಾತ್‌ರೂಮಿನಲ್ಲಿ ಅತ್ತು, ಮುಖ ತೊಳೆದುಕೊಂಡು, ಹೋಗಿ ಕ್ಲಾಸ್ ತೆಗೆದುಕೊಂಡದ್ದೂ ಉಂಟು.

ಕಾಲೇಜಿನಲ್ಲಿ ಪಾಠ ಬಿಟ್ಟು ಬೇರೆ ಏನೇನು ಜವಾಬ್ದಾರಿ ಇದೆ ಅಂತ ಕೇಳಿದೆ. ಬೆರಳು ಮಡಚುತ್ತಾ ಹೋದರು. ಸಮಾನ ಅವಕಾಶ ಘಟಕದ ನೋಡಲ್ ಅಧಿಕಾರಿ. ಎಸ್‌ಸಿ, ಎಸ್‌ಟಿ ಘಟಕದ ಸಂಚಾಲಕಿ. ರ್‍ಯಾಗಿಂಗ್ ತಡೆ ಸಮಿತಿ. ಮಹಿಳೆಯರ ದೂರು ಕೇಳುವ ಆಂತರಿಕ ಸಮಿತಿ. ಹೊಸ ಬ್ಯಾಚಿನ ಮಕ್ಕಳನ್ನು ಕಾಲೇಜಿಗೆ ಹೊಂದಿಸುವ ಫೌಂಡೇಶನ್ ಕೋರ್ಸ್. ಅಂಗವಿಕಲ ವಿದ್ಯಾರ್ಥಿಗಳ ವಿಷಯ ಬಂದರೆ ಅದೂ ಇವರಿಗೇ. ಇಷ್ಟಕ್ಕೆಲ್ಲ ಒಂದು ಕೋಣೆ ಇಲ್ಲ, ಸಹಾಯಕ್ಕೆ ಕ್ಲರ್ಕ್ ಇಲ್ಲ, ಒಂದು ಕ್ಲಾಸೂ ಕಡಿಮೆ ಮಾಡಿಲ್ಲ.

ಇವರೇ ಯಾಕೆ? ಮೇಡಂ ಒಂದು ದಲಿತ ಕುಟುಂಬದಿಂದ ಬಂದವರು, ಇಡೀ ಬಂಧುಬಳಗದಲ್ಲಿ ಮೊದಲ ಡಾಕ್ಟರ್. ಡೀನ್ ಕರೆದು, 'ನೀವಾದ್ರೆ ಮಕ್ಕಳು ಮನಸ್ಸು ಬಿಚ್ಚಿ ಮಾತಾಡ್ತಾರೆ ಮೇಡಂ' ಅಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ನೋವು ಉಂಡವರೇ ನೋವು ಗುಣಪಡಿಸುವ ಕೆಲಸವನ್ನೂ ಮಾಡಬೇಕು, ಅದೂ ಪುಕ್ಕಟೆಯಾಗಿ, ಅನ್ನುವುದು ಯಾವ ನ್ಯಾಯ? ಇದು ಈ ಒಂದು ಕಾಲೇಜಿನ ಕಥೆ ಅಲ್ಲ. ನನ್ನ ಬಳಿ ಬರುವ ಬೇರೆ ಕಾಲೇಜಿನವರೂ ಇದನ್ನೇ ಹೇಳುತ್ತಾರೆ.

ಎರಡನೇ ಭೇಟಿಯಲ್ಲಿ ರಾತ್ರಿಯ ಭಯದ ಮೂಲ ಗೊತ್ತಾಯಿತು. 2019ರ ಮೇ ತಿಂಗಳಲ್ಲಿ ಮುಂಬೈನಲ್ಲಿ ಸ್ತ್ರೀರೋಗ ವಿಭಾಗದ ಪಿಜಿ ವಿದ್ಯಾರ್ಥಿನಿ ಡಾ. ಪಾಯಲ್ ತಡ್ವಿ ಸಾವಿಗೀಡಾದರು. ಆದಿವಾಸಿ ಸಮುದಾಯದ ಹುಡುಗಿ. ಸೀನಿಯರ್‌ಗಳು ಜಾತಿ ಎತ್ತಿ ಕಿರುಕುಳ ಕೊಟ್ಟರು ಅನ್ನುವುದು ಆರೋಪ, ವಿಷಯ ಕೋರ್ಟಿಗೆ ಹೋಯಿತು. 'ಕಾಲೇಜಿಗೆ ನಾವು ಮೊದಲೇ ಹೇಳಿದ್ದೆವು' ಎಂದು ಪಾಯಲ್ ಮನೆಯವರು ಹೇಳಿದ್ದು ಮೇಡಂ ಮನಸ್ಸಿನಲ್ಲಿ ಅಚ್ಚೊತ್ತಿದೆ. 'ನಾಳೆ ನಮ್ಮ ಕಾಲೇಜಿನಾಗ ಹಂಗೇನರ ಆದ್ರ, ಆ ಹುಡುಗಿ ನನಗ ಮೆಸೇಜ್ ಮಾಡಿದ್ಲು, ನಾನು ಮಲಗಿದ್ದೆ ಅಂತ ಆಗಬಾರದ್ರಿ ಸರ್.' ಇದನ್ನು ಹೇಳಿ ತುಂಬ ಹೊತ್ತು ಸುಮ್ಮನೆ ಕೂತಿದ್ದರು.

ಈ ಭಯವನ್ನು ತಪ್ಪು ಅನ್ನಲು ಆಗುವುದಿಲ್ಲ. ಆದರೆ ಒಬ್ಬ ಮನುಷ್ಯ ಎಚ್ಚರ ಇದ್ದರೆ ಮಾತ್ರ ಮಕ್ಕಳು ಉಳಿಯುತ್ತಾರೆ ಅನ್ನುವ ವ್ಯವಸ್ಥೆ ಮಕ್ಕಳಿಗೂ ಅಪಾಯ ಅಲ್ವಾ? ಮೇಡಂಗೆ ಜ್ವರ ಬಂದರೆ, ವರ್ಗ ಆದರೆ, ಫೋನ್ ಚಾರ್ಜ್ ಇಲ್ಲದಿದ್ದರೆ? ಮೊದಲ ಸಲಹೆ ಇಲ್ಲಿಂದಲೇ ಶುರುವಾಯಿತು. ರಾತ್ರಿಯ ಕರೆಗೆ ಒಂದು ಪಾಳಿ ಪಟ್ಟಿ ಮಾಡಿಸಿ: ಇಬ್ಬರು ವಾರ್ಡನ್‌ಗಳು, ಇಬ್ಬರು ಅಧ್ಯಾಪಕರು, ಮನೋವೈದ್ಯ ವಿಭಾಗದ ಡ್ಯೂಟಿ ಡಾಕ್ಟರ್. ಆಸ್ಪತ್ರೆ ಪಕ್ಕದಲ್ಲೇ ಇರುವಾಗ ಒಂದು ಮಗುವಿನ ಜೀವದ ಪ್ರಶ್ನೆಗೆ ಫಿಸಿಯಾಲಜಿ ಮೇಡಂ ಒಬ್ಬರೇ ಯಾಕೆ ಉತ್ತರ ಹುಡುಕಬೇಕು? ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಈ ನಂಬರುಗಳನ್ನು ಹಾಸ್ಟೆಲಿನ ಪ್ರತಿ ಕೋಣೆಯ ಬಾಗಿಲ ಹಿಂದೆ ಅಂಟಿಸಿ ಎಂದೆ. ನಿಮ್ಮ ಪಾಳಿ ಇಲ್ಲದ ರಾತ್ರಿ ಫೋನ್ ಅಡುಗೆಮನೆಯಲ್ಲಿ ಇರಲಿ. ಮೂರು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ನೋಡಲೇಬೇಕು ಎಂದೂ ಹೇಳಿದೆ. ಕಾಲೇಜಿನವರಿಗೆ ಗೊತ್ತಾಗುತ್ತದೆ ಅನ್ನುವ ಅಳುಕು ಅವರಿಗಿತ್ತು. ಬೇರೆ ಊರಿನ ಡಾಕ್ಟರ್ ಆಗಬಹುದು, ಆದರೆ ತಪ್ಪಿಸಬೇಡಿ ಎಂದೆ.

ಈಗ ಈ ಪ್ರಕರಣದ ಮುಖ್ಯ ವಿಷಯಕ್ಕೆ ಬರುತ್ತೇನೆ.

ಮೇಡಂ ಬಳಿ ಅಳುತ್ತಾ ಬರುವ ಮೊದಲ ವರ್ಷದ ಮಕ್ಕಳಲ್ಲಿ ಜಾಸ್ತಿ ಜನ ಒಂದೇ ಮಾತು ಹೇಳುತ್ತಿದ್ದರು: 'ನಾವು ಲಾಸ್ಟ್ ಟೇಬಲ್ ಮೇಡಂ.' ಏನದು ಅಂತ ಬಿಡಿಸಿ ಕೇಳಿದೆ. ಆ ಕಾಲೇಜಿನಲ್ಲಿ ರೋಲ್ ನಂಬರ್ ಕೊಡುವುದು ನೀಟ್ ರ್‍ಯಾಂಕಿನ ಕ್ರಮದಲ್ಲಿ. ಶವ ಕೊಯ್ದು ದೇಹರಚನೆ ಕಲಿಯುವ ಅನಾಟಮಿ ಡಿಸೆಕ್ಷನ್ ಹಾಲಿನಲ್ಲಿ ಟೇಬಲ್ ಹಂಚುವುದು ರೋಲ್ ನಂಬರಿನ ಕ್ರಮದಲ್ಲಿ. ಹಾಗಾಗಿ ಮೀಸಲಾತಿಯಲ್ಲಿ ಬಂದ ಮಕ್ಕಳು ಹೆಚ್ಚುಕಡಿಮೆ ಎಲ್ಲರೂ ಕೊನೆಯ ಎರಡು ಟೇಬಲ್‌ಗೆ ಬಂದು ಬೀಳುತ್ತಾರೆ. ಕಾಲೇಜು ಶುರುವಾಗಿ ಎರಡು ವಾರ ಆಗುವಷ್ಟರಲ್ಲಿ ಯಾರು ಯಾವ ಕೋಟಾ ಅನ್ನುವುದು ಬಾಯಿ ಬಿಟ್ಟು ಕೇಳದೆಯೇ ಎಲ್ಲರಿಗೂ ಗೊತ್ತು. ಪ್ರಾಕ್ಟಿಕಲ್ ಬ್ಯಾಚೂ ಅದೇ, ವಾರ್ಡ್ ಪೋಸ್ಟಿಂಗೂ ಅದೇ, ವೈವಾ (ಮೌಖಿಕ ಪರೀಕ್ಷೆ) ಸಾಲೂ ಅದೇ. ಸಂಜೆ ನಾಲ್ಕಕ್ಕೆ ಪರೀಕ್ಷಕರು ಸುಸ್ತಾಗಿ, ಸಿಡುಕಿನಲ್ಲಿ ಇರುವಾಗ ಒಳಗೆ ಹೋಗುವವರು ಪ್ರತಿ ಸಲ ಇವರೇ. ಹುಡುಗ ಒಂದು ಉತ್ತರ ತಡವರಿಸಿದರೆ, 'ನಂಬರ್ ನೋಡಿದ್ರೇ ಗೊತ್ತಾಗುತ್ತೆ ಬಿಡು' ಅನ್ನುವ ಮಾತು.

ಇದನ್ನು ಯಾರೋ ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ. ಆಫೀಸಿನಲ್ಲಿ ಹಿಂದಿನಿಂದ ಬಂದ ಪದ್ಧತಿ, ಅಷ್ಟೇ. ಮೇಡಂ ಮಾತ್ರ ಕೊನೆಯ ಟೇಬಲಿನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಧೈರ್ಯ ಹೇಳಿ, ಚಹಾ ಕುಡಿಸಿ, ಕಣ್ಣೀರು ಒರೆಸಿ ಕಳಿಸುತ್ತಿದ್ದರು. ಮುಂದಿನ ವರ್ಷ ಮತ್ತೆ ಹೊಸ ಮಕ್ಕಳು, ಮತ್ತೆ ಅದೇ ಅಳು. ಆ ಪಟ್ಟಿಯನ್ನು ಹೆಸರಿನ ಅಕ್ಷರ ಕ್ರಮದಲ್ಲಿ ಮಾಡಲು ಎಷ್ಟು ಹೊತ್ತು ಬೇಕು ಎಂದು ಕೇಳಿದೆ. 'ಎಕ್ಸೆಲ್‌ನಾಗ ಒಂದು ಕ್ಲಿಕ್ ರೀ' ಅಂದರು. ಅಂದವರು ನನ್ನ ಮುಖ ನೋಡಿದರು.

ನನ್ನ ಸಲಹೆಯ ತಿರುಳು ಇದೇ. ಸಾಂತ್ವನಕ್ಕೆ ಹೋಗುವ ಶಕ್ತಿಯಲ್ಲಿ ಅರ್ಧವನ್ನಾದರೂ ಪದ್ಧತಿ ಬದಲಿಸುವುದಕ್ಕೆ ಇಡಿ. ಅಳುವ ಮಗುವಿಗೆ ಕಿವಿ ಬೇಕು, ನಿಜ. ಆದರೆ ನೀವು ಆ ಕುರ್ಚಿಯಲ್ಲಿ ಕೂತದ್ದು ಅಳುವಿನ ಕಾರಣ ತೆಗೆಯಲು. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2012ರ ಸಮಾನತೆ ನಿಯಮಗಳಲ್ಲಿ ಕ್ಲಾಸಿನಲ್ಲಿ ಜಾತಿ ಹೆಸರು ಹೇಳುವುದು, ಮಕ್ಕಳಿಗೆ ಮೀಸಲಾತಿಯವರು ಎಂದು ಹಣೆಪಟ್ಟಿ ಹಚ್ಚುವುದು ಎಲ್ಲ ತಾರತಮ್ಯ ಎಂದೇ ಇದೆ. ಅದಕ್ಕೂ ಮೊದಲು, 2007ರಲ್ಲಿ, ದೆಹಲಿಯ ಏಮ್ಸ್ ಬಗ್ಗೆ ಸುಖದೇವ್ ಥೋರಟ್ ಸಮಿತಿ ಕೊಟ್ಟ ವರದಿಯಲ್ಲೂ ಇಂಥದ್ದೇ ಚಿತ್ರ ಇತ್ತು: ಹಾಸ್ಟೆಲಿನಲ್ಲಿ ಮಕ್ಕಳು ಬೇರೆಬೇರೆಯಾಗಿ ಹೋಗುವುದು, ಪರೀಕ್ಷೆಯಲ್ಲಿ ಜಾತಿ ತಿಳಿದುಕೊಳ್ಳಲು ನೋಡುವುದು. ಇವನ್ನು ಡೀನ್ ಮುಂದೆ ಇಡಿ, ಇದು ನಿಮ್ಮ ಸ್ವಂತ ಸಂಕಟದ ಮಾತಲ್ಲ, ಕಾಲೇಜು ಪಾಲಿಸಬೇಕಾದ ನಿಯಮ ಅನ್ನುವುದು ಆಗ ಅರ್ಥವಾಗುತ್ತದೆ ಎಂದೆ.

ಸ್ಟಾಫ್ ರೂಮಿನ ಮಾತು ಮೇಡಂಗೆ ಬಹಳ ಚುಚ್ಚುತ್ತಿತ್ತು. 'ಹೀಗೆಲ್ಲ ಮಾಡಿದ್ರೆ ಮೆರಿಟ್ ಕಥೆ ಏನು?' ಅನ್ನುವವರ ಜೊತೆ ಊಟದ ಹೊತ್ತಲ್ಲಿ ವಾದ ಮಾಡಿ ತಲೆನೋವು ತಂದುಕೊಳ್ಳುತ್ತಿದ್ದರು. ಅಲ್ಲಿ ವಾದ ಬೇಡ ಎಂದೆ. ಸಭೆಯಲ್ಲಿ ಒಮ್ಮೆ ಹೇಳಿ, ದಾಖಲೆಗೆ ಬರಲಿ: ಸೀಟು ಹೇಗೇ ಸಿಕ್ಕಿರಲಿ, ಎಂಬಿಬಿಎಸ್ ಪರೀಕ್ಷೆಯಲ್ಲಿ ಪಾಸಾಗುವ ಮಾರ್ಕು ಎಲ್ಲರಿಗೂ ಒಂದೇ. ಹಾಗಿದ್ದ ಮೇಲೆ ರೋಲ್ ನಂಬರಿನಲ್ಲಿ ರ್‍ಯಾಂಕ್ ತೋರಿಸಿ ಕಾಲೇಜಿಗೆ ಏನು ಲಾಭ?

ಕೆಲಸ ಹಂಚುವ ವಿಷಯದಲ್ಲಿ ಮಾತ್ರ ಅವರು ಸುಲಭಕ್ಕೆ ಒಪ್ಪಲಿಲ್ಲ. 'ಅವ್ರಿಗೆ ಇದೆಲ್ಲ ತಿಳಿಯಂಗಿಲ್ರಿ ಸರ್' ಎಂದರು. ಅವರ ಮಾತಿನಲ್ಲಿ ಸತ್ಯ ಇದೆ. ಅನುಭವ ಇಲ್ಲದವರು ಕೆಲವು ಸಲ ಸಮಾಧಾನ ಹೇಳಲು ಹೋಗಿ ಗಾಯ ಮಾಡುತ್ತಾರೆ. ಆದರೂ ತಾರತಮ್ಯದ ವಿಷಯ ದಲಿತ ಅಧ್ಯಾಪಕರದ್ದು, ಹೆಣ್ಣುಮಕ್ಕಳ ವಿಷಯ ಹೆಣ್ಣು ಅಧ್ಯಾಪಕರದ್ದು ಎಂದು ಬಿಟ್ಟರೆ ಉಳಿದವರು ಯಾವತ್ತಿಗೂ ಕಲಿಯುವುದಿಲ್ಲ. ಲಿಖಿತ ಆದೇಶ ಕೇಳಿ ಎಂದೆ. ಅದರಲ್ಲಿ ಇನ್ನೊಬ್ಬ ಅಧ್ಯಾಪಕರ ಹೆಸರು ಇರಲಿ, ಅವರು ಬೇರೆ ಸಮುದಾಯದವರಾಗಿದ್ದರೆ ಒಳ್ಳೆಯದು. ವಾರಕ್ಕೆ ಇಷ್ಟು ಗಂಟೆ ಈ ಕೆಲಸಕ್ಕೆ ಅಂತ ಬರೆದಿರಲಿ. ಬಾಗಿಲು ಮುಚ್ಚಿ ಮಾತಾಡಬಹುದಾದ ಒಂದು ಕೋಣೆ, ಎರಡು ತಿಂಗಳಿಗೊಮ್ಮೆ ಡೀನ್ ಕೂರಲೇಬೇಕಾದ ಸಭೆ. ಇಷ್ಟು ಸಿಗದಿದ್ದರೆ ಒಂದೆರಡು ಸಮಿತಿ ಬಿಡುತ್ತೇನೆ ಎಂದು ಹೇಳಲು ಹಿಂಜರಿಯಬೇಡಿ. ಹಾಗೆ ಹೇಳಿದರೆ ಮಕ್ಕಳನ್ನು ಕೈಬಿಟ್ಟ ಹಾಗೆ ಆಗುವುದಿಲ್ಲ.

ಇನ್ನೊಂದು ತೊಡಕು ಇತ್ತು. ಗುಟ್ಟಾಗಿ ಹೇಳಿಕೊಂಡ ಹುಡುಗಿಯ ದೂರು ಸಮಿತಿಗೆ ಬಂದಾಗ, ವಿಚಾರಣೆಗೆ ಕೂತವರಲ್ಲಿ ಮೇಡಂ ಕೂಡ ಒಬ್ಬರು. ಕಿವಿಗೊಡುವವರು, ತೀರ್ಪು ಹೇಳುವವರು ಒಬ್ಬರೇ ಆಗಬಾರದು. ಮಗು ಮಾತು ಶುರು ಮಾಡುವ ಮುಂಚೆಯೇ ಹೇಳಿಬಿಡಿ ಎಂದೆ: 'ನಾನು ಕೇಳಿಸ್ಕೋತೀನಿ. ಲಿಖಿತ ದೂರು ಕೊಡ್ತೀಯಾ ಅಂದ್ರೆ ಹೇಗೆ ಅಂತ ಹೇಳ್ತೀನಿ. ಆ ವಿಚಾರಣೆಯಲ್ಲಿ ನಾನಿರಲ್ಲ. ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಬೇರೆಯವರಿಗೆ ತಿಳಿಸ್ಲೇಬೇಕಾಗುತ್ತೆ.' ಇದನ್ನು ನನ್ನ ಮುಂದೆ ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡರು.

ನಡುವೆ ಒಂದು ದಿನ ಅವರದೇ ಎಂಬಿಬಿಎಸ್ ದಿನಗಳ ಮಾತು ಬಂತು. ವೈವಾದಲ್ಲಿ ಪರೀಕ್ಷಕರು ಅಪ್ಪನ ಕೆಲಸ ಕೇಳಿ, ಊರು ಕೇಳಿ, ಆಮೇಲೆ ವಿಷಯದ ಒಂದೇ ಒಂದು ಪ್ರಶ್ನೆ ಕೇಳದೆ ಎದ್ದು ಹೋಗು ಎಂದಿದ್ದರಂತೆ. ಗಂಡನಿಗೂ ಹೇಳಿರಲಿಲ್ಲ. ಆ ದಿನ ಸಲಹೆ ಏನೂ ಕೊಡಲಿಲ್ಲ. ಕೊನೆಯ ಟೇಬಲಿನ ಪ್ರತಿ ಹುಡುಗಿಯಲ್ಲೂ ಅವರಿಗೆ ಕಾಣುತ್ತಿದ್ದದ್ದು ತಾವೇ. ಅದಕ್ಕೇ ಯಾರನ್ನೂ ನಾಳೆ ಬಾ ಎನ್ನಲು ಆಗುತ್ತಿರಲಿಲ್ಲ. ಇದು ಅವರ ಅರಿವಿಗೆ ಬಂದ ಮೇಲೆ ನಮ್ಮ ಮುಂದಿನ ಮಾತುಗಳು ಹಗುರವಾದವು.

ಈಗ ಏನಾಗಿದೆ ಹೇಳುತ್ತೇನೆ. ಆದೇಶ ಬಂತು, ತಡವಾಗಿ. ಜೊತೆಗೆ ಬಂದವರು ಪೆಥಾಲಜಿಯ ಒಬ್ಬ ಹಿರಿಯ ಸರ್. ಮೊದಲ ಸಭೆಯಲ್ಲೇ ಅವರು, 'ನನಗೆ ಇದರ ಬಗ್ಗೆ ಏನೂ ಗೊತ್ತಿಲ್ಲ, ಏನು ಮಾಡಬೇಕು ಹೇಳಿ' ಅಂದದ್ದು ಮೇಡಂಗೆ ಬಹಳ ಹಿಡಿಸಿತು. ಹೊಸ ಬ್ಯಾಚಿನ ರೋಲ್ ನಂಬರ್ ಹೆಸರಿನ ಕ್ರಮದಲ್ಲಿದೆ. ವೈವಾ ಸಾಲು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ.

ಫೌಂಡೇಶನ್ ಕೋರ್ಸಿನಲ್ಲಿ ಮೇಡಂ ತಾವೇ ಯೋಚಿಸಿ ಮಾಡಿದ ಒಂದು ಬದಲಾವಣೆ ನನಗೆ ತುಂಬ ಇಷ್ಟವಾಯಿತು. ಅಖಿಲ ಭಾರತ ಕೋಟಾದಲ್ಲಿ ಬಂದ ಹೊರರಾಜ್ಯದ ಮಕ್ಕಳಿಗೆ ಕನ್ನಡ ಬರುವುದಿಲ್ಲ, ವಾರ್ಡಿನಲ್ಲಿ ಅಜ್ಜಿ 'ಹೊಟ್ಟಿ ಕಡಿತೈತಿ' ಅಂದರೆ ಪಿಳಿಪಿಳಿ ನೋಡುತ್ತಾರೆ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳಿಗೆ ವಿಷಯ ಗೊತ್ತಿದ್ದರೂ ಇಂಗ್ಲಿಷಿನಲ್ಲಿ ಮಾತು ಬರುವುದಿಲ್ಲ. ಇಬ್ಬಿಬ್ಬರನ್ನು ಜೋಡಿ ಮಾಡಿದರು. ಒಬ್ಬರು ರೋಗಿಯ ಮಾತು ಕಲಿಸುತ್ತಾರೆ, ಇನ್ನೊಬ್ಬರು ವೈವಾ ಇಂಗ್ಲಿಷ್ ಕಲಿಸುತ್ತಾರೆ. ಕೊಡುವವರೂ ಅವರೇ, ತೆಗೆದುಕೊಳ್ಳುವವರೂ ಅವರೇ ಆದಾಗ ಯಾರಿಗೂ ತಲೆ ತಗ್ಗಿಸುವ ಪ್ರಸಂಗ ಇರುವುದಿಲ್ಲ.

ಕಾಲಿನ ದೌರ್ಬಲ್ಯ ಇರುವ ಒಬ್ಬ ವಿದ್ಯಾರ್ಥಿಯ ಕ್ಲಾಸು ಎರಡನೇ ಮಹಡಿಯಲ್ಲಿತ್ತು. ಲಿಫ್ಟ್ ಕೆಟ್ಟಾಗಲೆಲ್ಲ ಮೇಡಂ ಹೋಗಿ ಬೇಡಿಕೊಂಡು ಕೋಣೆ ಬದಲಿಸುತ್ತಿದ್ದರು. ಈಗ ವೇಳಾಪಟ್ಟಿಯಲ್ಲೇ ಆ ಬ್ಯಾಚಿಗೆ ಕೆಳಮಹಡಿ ಎಂದು ಬರೆಸಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಅಂಗವೈಕಲ್ಯದ ಶೇಕಡಾವಾರು ಅಂಕಿಯೊಂದನ್ನೇ ನೋಡಿ ಮೆಡಿಕಲ್ ಸೀಟು ನಿರಾಕರಿಸುವಂತಿಲ್ಲ ಎಂದು 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸೀಟು ಕೊಟ್ಟ ಮೇಲೆ ಕ್ಲಾಸಿಗೆ ಹೋಗಲು ದಾರಿ ಕೊಡುವುದು ಯಾರೂ ಮಾಡುವ ಉಪಕಾರ ಅಲ್ಲ.

ನಿದ್ದೆ ಸುಧಾರಿಸಿದೆ. ಪಾಳಿ ಇಲ್ಲದ ದಿನ ಫೋನ್ ಹೊರಗೇ ಇರುತ್ತದೆ, ಆದರೂ ಕೆಲವು ರಾತ್ರಿ ಎದ್ದು ನೋಡಿ ಬರುತ್ತಾರೆ. ಒಂದು ಸಮಿತಿ ಬಿಟ್ಟಿದ್ದಾರೆ.

ಎಲ್ಲ ಸರಿಹೋಗಿಲ್ಲ. ಹೊರಗಿನಿಂದ ಬರುವ ಪರೀಕ್ಷಕರಿಗೆ ರ್‍ಯಾಂಕ್, ಊರು, ಮನೆತನ ಕೇಳಬೇಡಿ ಎಂದು ಪತ್ರ ಹೋಗಿದೆ, ಕೆಲವರು ಇನ್ನೂ ಕೇಳುತ್ತಾರೆ. ಪಿಜಿ ಡ್ಯೂಟಿ ಪಟ್ಟಿ ಪ್ರತಿ ವಿಭಾಗದಲ್ಲಿ ಸೀನಿಯರ್‌ಗಳ ಕೈಯಲ್ಲೇ ಇದೆ. ಯಾರಿಗೆ ಸಾಲುಸಾಲು ನೈಟ್ ಬೀಳುತ್ತದೆ, ಯಾರನ್ನು ಆಪರೇಷನ್ ಥಿಯೇಟರಿಗೆ ಕರೆಯದೆ ವಾರ್ಡಿನಲ್ಲೇ ಬಿಡುತ್ತಾರೆ ಅನ್ನುವುದನ್ನು ಯಾರೂ ಲೆಕ್ಕ ಇಟ್ಟಿಲ್ಲ. ಪೆಥಾಲಜಿ ಸರ್ ಆ ಪಟ್ಟಿಗಳನ್ನು ತರಿಸಿಕೊಳ್ಳುತ್ತೇನೆ ಎಂದಿದ್ದಾರೆ. ವಿಭಾಗದ ಮುಖ್ಯಸ್ಥರು ಕೊಡುತ್ತಾರೋ ಇಲ್ಲವೋ ನೋಡಬೇಕು. ಕೊಡದಿದ್ದರೆ ಡೀನ್ ಹತ್ತಿರ ಹೇಗೆ ಮಾತಾಡುವುದು ಅನ್ನುವುದನ್ನೇ ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.