ಎಸ್‌ಎಸ್‌ಎಲ್‌ಸಿಯಲ್ಲಿ 452 ಬಂದಿದೆ, ಮಗಳಿಗೆ ಪಿಯುಸಿಯಲ್ಲಿ ಯಾವ ಕಾಂಬಿನೇಷನ್ ಕೊಡಿಸಲಿ?

ನಿಮ್ಮ ಪ್ರಶ್ನೆಯನ್ನು ಪೂರ್ತಿ ಓದಿದೆ. ಶಿಡ್ಲಘಟ್ಟದ ಹತ್ತಿರ ಹಳ್ಳಿ, ರೇಷ್ಮೆ ಮಾಡುವ ಮನೆ. ಮಗಳು ಕನ್ನಡ ಮಾಧ್ಯಮದಲ್ಲಿ ಓದಿ 625ಕ್ಕೆ 452 ತೆಗೆದಿದ್ದಾಳೆ. ಗಣಿತದಲ್ಲಿ 80, ಸಮಾಜದಲ್ಲಿ 80, ವಿಜ್ಞಾನದಲ್ಲಿ 59, ಇಂಗ್ಲಿಷ್‌ನಲ್ಲಿ 56. ನೆಂಟರೆಲ್ಲ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಇರುವ ಸೈನ್ಸ್) ಕೊಡಿಸಿ ಅಂತಿದ್ದಾರೆ, ಅವಳು ಕಾಮರ್ಸ್ ಅಂತಿದ್ದಾಳೆ. ಜೊತೆಗೆ ನೀವು ಇನ್ನೆರಡು ಕೇಳಿದ್ದೀರಿ: ಪಾಸ್ ಅಂಕ 33 ಆಗಿದೆಯಂತೆ, ಅದರ ಲೆಕ್ಕ ಏನು? ಮೊದಲ ವರ್ಷ ಸರಿಹೋಗದಿದ್ದರೆ ಎರಡನೇ ವರ್ಷಕ್ಕೆ ಕಾಂಬಿನೇಷನ್ ಬದಲಾಯಿಸಬಹುದಾ?

ನಾನು ಚಿಂತಾಮಣಿ ಕಡೆ ಒಂದು ಪಿಯು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿ ವರ್ಷ ಅಡ್ಮಿಷನ್ ಸಮಯದಲ್ಲಿ ಅಪ್ಪ ಅಮ್ಮಂದಿರ ಜೊತೆ ಕೂತು ಇದೇ ಮಾತಾಡುತ್ತೇನೆ. ಕಾಮರ್ಸ್ ಮೇಷ್ಟ್ರು ಅನ್ನುವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದಿನದನ್ನು ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಗಳ ಮಾತು ಕೇಳಿ, ಕಾಮರ್ಸ್‌ಗೇ ಸೇರಿಸಿ. ಆದರೆ ಹತ್ತಿರದ ಕಾಲೇಜಿನಲ್ಲಿ ಯಾವುದಿದೆಯೋ ಅದಕ್ಕೆ ಕಣ್ಣು ಮುಚ್ಚಿಕೊಂಡು ಸೇರಿಸಬೇಡಿ. ಬೇಸಿಕ್ ಮ್ಯಾಥ್ಸ್ ಅಥವಾ ಸಂಖ್ಯಾಶಾಸ್ತ್ರ ಇರುವ ಕಾಂಬಿನೇಷನ್ ಹುಡುಕಿ. ಗಣಿತದಲ್ಲಿ 80 ತೆಗೆದ ಹುಡುಗಿ ಹತ್ತನೇ ಕ್ಲಾಸಿಗೇ ಗಣಿತ ಬಿಟ್ಟುಬಿಡುವುದು ನನಗೆ ನಿಜವಾಗಲೂ ಸಂಕಟ ಕೊಡುವ ವಿಷಯ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಒಂದೊಂದಕ್ಕೆ 100ರಂತೆ ಒಟ್ಟು 600. ಆ ನಾಲ್ಕು ವಿಷಯಗಳ ಮೊದಲಕ್ಷರ ಜೋಡಿಸಿ ಕಾಂಬಿನೇಷನ್ ಹೆಸರು ಮಾಡಿದ್ದಾರೆ. ಕಾಮರ್ಸ್‌ನಲ್ಲಿ ನಮ್ಮ ಕಡೆ ಜಾಸ್ತಿ ಕಾಣುವುದು ಹೆಚ್‌ಇಬಿಎ. ಅಂದರೆ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ಇತಿಹಾಸದ ಜಾಗದಲ್ಲಿ ಸಂಖ್ಯಾಶಾಸ್ತ್ರ ಬಂದರೆ ಎಸ್‌ಇಬಿಎ, ಕಂಪ್ಯೂಟರ್ ಸೈನ್ಸ್ ಬಂದರೆ ಸಿಇಬಿಎ. ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಷನ್‌ಗಳೂ ಇವೆ. ಎಲ್ಲ ಕಾಲೇಜಿನಲ್ಲೂ ಎಲ್ಲವೂ ಇರುವುದಿಲ್ಲ. ಸಣ್ಣ ಊರಿನ ಕಾಲೇಜಿಗೆ ಸಂಖ್ಯಾಶಾಸ್ತ್ರದ ಉಪನ್ಯಾಸಕರು ಸಿಗುವುದು ಕಷ್ಟ, ಇತಿಹಾಸದವರು ಹೇಗೂ ಕಲಾ ವಿಭಾಗಕ್ಕೆ ಇದ್ದೇ ಇರುತ್ತಾರೆ. ಹಾಗಾಗಿ ಹೆಚ್‌ಇಬಿಎ ತನ್ನಷ್ಟಕ್ಕೆ ನಡೆದುಕೊಂಡು ಹೋಗುತ್ತದೆ. ಮಕ್ಕಳು ಅದನ್ನು ಆರಿಸಿಕೊಂಡಿರುವುದಿಲ್ಲ, ಅದೊಂದೇ ಇತ್ತು ಅಂತ ಸೇರಿರುತ್ತಾರೆ.

ಇತಿಹಾಸದ ಮೇಲೆ ನನಗೆ ಯಾವ ತಕರಾರೂ ಇಲ್ಲ. ಸಮಾಜದಲ್ಲಿ 80 ತೆಗೆದವಳಿಗೆ ಅದು ಸುಲಭವೂ ಆಗುತ್ತದೆ. ನಾನು ನೋಡುವುದು ಪಿಯುಸಿ ಆದಮೇಲಿನ ದಾರಿಯನ್ನು. ಸಿಎ, ಅಂದರೆ ಚಾರ್ಟರ್ಡ್ ಅಕೌಂಟೆಂಟ್, ಮಾಡಬೇಕು ಅಂತ ಒಂದು ದಿನ ಅವಳಿಗೆ ಅನಿಸಿದರೆ, ಮೊದಲ ಮೆಟ್ಟಿಲಾದ ಫೌಂಡೇಷನ್ ಪರೀಕ್ಷೆಯಲ್ಲಿ ನಾಲ್ಕು ಪತ್ರಿಕೆ. ಅದರಲ್ಲಿ ಒಂದು ಪೂರ್ತಿ ಪತ್ರಿಕೆ ಗಣಿತ, ಸಂಖ್ಯಾಶಾಸ್ತ್ರ ಮತ್ತು ತರ್ಕದ್ದು. ಬ್ಯಾಂಕ್ ಪರೀಕ್ಷೆಗೆ ಕೂತರೂ ಲೆಕ್ಕದ ಭಾಗ ತಪ್ಪಿದ್ದಲ್ಲ. ಅರ್ಥಶಾಸ್ತ್ರದಲ್ಲಿ ಆನರ್ಸ್ ಮಾಡಬೇಕೆಂದರೆ ದೆಹಲಿ ವಿಶ್ವವಿದ್ಯಾಲಯದಂಥ ಕಡೆ ಹನ್ನೆರಡನೇ ತರಗತಿಯಲ್ಲಿ ಗಣಿತ ಓದಿರಲೇಬೇಕು. ಶಿಡ್ಲಘಟ್ಟದಿಂದ ದೆಹಲಿಗೆ ಯಾರು ಹೋಗುತ್ತಾರೆ ಅಂತ ನೀವು ಕೇಳಬಹುದು. ಹೋಗಬಾರದು ಅಂತ ಹದಿನಾರನೇ ವಯಸ್ಸಿಗೇ ನಾವೇ ತೀರ್ಮಾನ ಮಾಡುವುದು ಬೇಡ, ಅಲ್ವಾ?

ಈಗ ನೆಂಟರ ಮಾತಿಗೆ ಬರುತ್ತೇನೆ. "ಸೈನ್ಸ್ ಮಾಡಿದರೆ ಆಮೇಲೆ ಎಲ್ಲಿಗೆ ಬೇಕಾದರೂ ಹೋಗಬಹುದು" ಅಂತಾರೆ. ಅದು ಸುಳ್ಳಲ್ಲ. ಪಿಸಿಎಂಬಿ ಮುಗಿಸಿದವರು ಬಿಕಾಂಗೂ ಹೋಗಬಹುದು, ಬಿಎಗೂ ಹೋಗಬಹುದು. ಕಾಮರ್ಸ್ ಮುಗಿಸಿದವರು ವಿಜ್ಞಾನದ ಬಿಎಸ್ಸಿಗೆ, ಬಿಎಸ್ಸಿ ನರ್ಸಿಂಗ್‌ಗೆ, ಇಂಜಿನಿಯರಿಂಗ್‌ಗೆ ಬರಲು ಆಗುವುದಿಲ್ಲ. ಆದರೆ ಈ ಮಾತು ನಿಜವಾಗುವುದು ಸೈನ್ಸ್‌ನಲ್ಲಿ ಒಳ್ಳೆಯ ಅಂಕ ತೆಗೆದವರಿಗೆ. ಮೂರು ವಿಷಯದಲ್ಲಿ ಕುಂಟಿಕೊಂಡು, ಎರಡನೇ ಸಲ ಪರೀಕ್ಷೆ ಬರೆದು ಪಾಸಾದ ಹುಡುಗಿಗೆ ಎಲ್ಲ ದಾರಿಯೂ ತೆರೆದಿದೆ ಅಂತ ಹೇಳುವುದು ಬರೀ ಸಮಾಧಾನದ ಮಾತು.

ನಿಮ್ಮ ಮಗಳ ವಿಜ್ಞಾನದ 59 ಕೆಟ್ಟ ಅಂಕ ಅಲ್ಲ. ಆದರೆ ಹತ್ತರಲ್ಲಿ ಒಂದೇ ಪುಸ್ತಕದಲ್ಲಿ ಇದ್ದದ್ದು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಅಂತ ಮೂರು ದಪ್ಪ ವಿಷಯಗಳಾಗುತ್ತವೆ. ಅದರ ಮೇಲೆ ಗಣಿತ. ಪಾಠ ಬಹುತೇಕ ಇಂಗ್ಲಿಷ್‌ನಲ್ಲೇ ನಡೆಯುತ್ತದೆ. ನಮ್ಮ ಗಡಿ ಕಡೆಯ ಮಕ್ಕಳದ್ದು ಇನ್ನೊಂದು ಪಾಡು. ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ, ಪಿಯುಸಿಗೆ ಬಂದ ಕೂಡಲೇ ಇಂಗ್ಲಿಷ್. ಚೆನ್ನಾಗಿ ಓದುವ ಮಕ್ಕಳೂ ಮೊದಲ ಮೂರ್ನಾಲ್ಕು ತಿಂಗಳು ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ. ವಿಷಯದ ಮೇಲೆ ಪ್ರೀತಿ ಇದ್ದವರು ಆ ಹೊತ್ತನ್ನು ದಾಟಿಬಿಡುತ್ತಾರೆ. ನೆಂಟರ ಮಾತಿಗೆ ಸೇರಿದವರು ಅಲ್ಲೇ ಸೋಲುತ್ತಾರೆ. ಕಾಮರ್ಸ್‌ನಲ್ಲಿ ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಪರೀಕ್ಷೆ ಬರೆಯುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಅಷ್ಟರೊಳಗೆ ಡೆಬಿಟ್, ಕ್ರೆಡಿಟ್, ಲೆಡ್ಜರ್, ಬ್ಯಾಲೆನ್ಸ್ ಶೀಟ್ ಅಂತ ಇಂಗ್ಲಿಷ್ ಪದಗಳನ್ನೂ ಜೊತೆಜೊತೆಗೆ ಕಲಿತರೆ ಬಿಕಾಂನಲ್ಲಿ ಹೆದರಿಕೆ ಇರುವುದಿಲ್ಲ.

ಪಿಸಿಎಂಬಿ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಒಂದು ವಿಷಯಕ್ಕಾಗಿ ಮಾತ್ರ ಮಗಳನ್ನು ಇನ್ನೊಮ್ಮೆ ಕೂರಿಸಿಕೊಂಡು ಕೇಳಿ. ನಿಮ್ಮದು ರೇಷ್ಮೆ ಮನೆ. ಚಿಂತಾಮಣಿಯಲ್ಲೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕೃಷಿ ಕಾಲೇಜು ಇದೆ. ಕೋಲಾರದ ಟಮಕದಲ್ಲಿ ತೋಟಗಾರಿಕೆ ಕಾಲೇಜು ಇದೆ. ಈ ಕೃಷಿ ಪದವಿಗಳಿಗೆ ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ಮೂಲಕ ಸೀಟು, ರೈತರ ಮಕ್ಕಳಿಗೆ ಬೇರೆ ಕೋಟಾ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ. ಹುಳು ಮೇಯಿಸಿ ಗೊತ್ತಿರುವ ಹುಡುಗಿಗೆ ಇದು ತನ್ನದೇ ಲೋಕ. ಆದರೆ ಪಿಯುಸಿಯಲ್ಲಿ ವಿಜ್ಞಾನ ಓದದೆ ಅಲ್ಲಿಗೆ ಹೋಗುವ ಹಾಗಿಲ್ಲ. ಅವಳಿಗೆ ಆ ಕಡೆ ನಿಜವಾದ ಆಸೆ ಇದ್ದರೆ ನನ್ನ ಮಾತು ಪಕ್ಕಕ್ಕಿಟ್ಟು ಪಿಸಿಎಂಬಿ ಕೊಡಿಸಿ, 59 ಅಂತ ಹಿಂಜರಿಯಬೇಡಿ. ಇಂಜಿನಿಯರಿಂಗ್ ಆಸೆ ಇದ್ದರೆ ಇನ್ನೊಂದು ಲೆಕ್ಕ ನೆನಪಿರಲಿ. ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ. ಅಲ್ಲಿ ಬೋರ್ಡ್ ಪರೀಕ್ಷೆಯನ್ನು ಸುಮ್ನೆ ಪಾಸಾದರೆ ಸಾಕು ಅನ್ನುವ ಮಾತೇ ಇಲ್ಲ. ವೈದ್ಯಕೀಯಕ್ಕೆ ನೀಟ್ ಅಂಕದ ಮೇಲೇ ಸೀಟು.

ಅವಳ ಕಾಮರ್ಸ್ ಆಸೆ ಗಟ್ಟಿಯೋ, ಗೆಳತಿ ಸೇರುತ್ತಾಳೆ ಅಂತಲೋ ಅನ್ನುವುದು ನಿಮಗೆ ಗೊತ್ತಾಗಬೇಕಾದರೆ ಒಂದು ಕೆಲಸ ಮಾಡಿ. ಮನೆಯ ಒಂದು ಬೆಳೆಯ ಲೆಕ್ಕ ಪೂರ್ತಿ ಅವಳ ಕೈಗೆ ಕೊಡಿ. ಚಾಕಿ ಹುಳು (ಎಳೆಯ ರೇಷ್ಮೆ ಹುಳು) ತಂದ ದುಡ್ಡು, ಸೊಪ್ಪು, ಗೊಬ್ಬರ, ಔಷಧಿ, ಕೂಲಿ, ಗೂಡು ಮಾರ್ಕೆಟ್ಟಿಗೆ ಹಾಕಿದ ಬಾಡಿಗೆ, ಕೊನೆಗೆ ಹರಾಜಿನಲ್ಲಿ ಬಂದ ಹಣ. ಮನೆಯವರ ದುಡಿಮೆಯನ್ನು ಖರ್ಚಿಗೆ ಹಿಡಿಯಬೇಕಾ ಬೇಡವಾ ಅಂತ ಅವಳೇ ಬಂದು ಕೇಳಿದಳು ಅಂದರೆ, ಅವಳನ್ನು ಲೆಕ್ಕಶಾಸ್ತ್ರಕ್ಕೆ ಕಳಿಸಲು ಯೋಚನೆಯೇ ಮಾಡಬೇಡಿ. ಆ ಪ್ರಶ್ನೆ ತಾನಾಗಿ ಕೇಳುವ ಮಕ್ಕಳು ನನಗೆ ಸಿಗುವುದು ಅಪರೂಪ.

ಪಾಸ್ ಅಂಕದ ವಿಷಯ. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಯ ಪಾಸ್ ಅಂಕವನ್ನು 35ರಿಂದ 33ಕ್ಕೆ ಇಳಿಸಿತು. ಪಿಯುಸಿಯಲ್ಲಿ ಪ್ರತಿ ವಿಷಯದಲ್ಲೂ ಕನಿಷ್ಠ 30 ಬರಬೇಕು, ಒಟ್ಟು 600ಕ್ಕೆ 198 ಆಗಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಆರೂ ವಿಷಯದಲ್ಲಿ 30 ತೆಗೆದರೆ ಆಗುವುದು 180. ಅದು ಪಾಸ್ ಅಲ್ಲ. ಒಂದರಲ್ಲಿ 30 ಬಂದರೆ ಇನ್ನೊಂದರಲ್ಲಿ ಆ ಕೊರತೆ ತುಂಬಿಕೊಳ್ಳಬೇಕು. ಈ 30ರಲ್ಲಿ ಆಂತರಿಕ ಅಂಕ, ಪ್ರಾಯೋಗಿಕ ಅಂಕ ಎರಡೂ ಸೇರುತ್ತವೆ. ಪ್ರಾಯೋಗಿಕ ಇರುವ ವಿಷಯಗಳಿಗೆ ಲಿಖಿತ 70, ಪ್ರಾಯೋಗಿಕ 30. ಉಳಿದವಕ್ಕೆ ಲಿಖಿತ 80, ಆಂತರಿಕ 20. ಆ 20 ಅಂಕ ಕಾಲೇಜಿನವರು ಕರುಣೆಯಿಂದ ಕೊಡುವುದಲ್ಲ. ಕಿರುಪರೀಕ್ಷೆ ತಪ್ಪಿಸದೆ ಬರೆದು, ಕೊಟ್ಟ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಸಿದವರಿಗೆ ಸಿಗುವುದು. 85 ಪರ್ಸೆಂಟ್, ಅಂದರೆ 510 ದಾಟಿದರೆ ಡಿಸ್ಟಿಂಕ್ಷನ್, 360ರಿಂದ ಪ್ರಥಮ ದರ್ಜೆ.

ಪರೀಕ್ಷೆಯಲ್ಲಿ ಎಡವಿದರೂ ವರ್ಷ ಹಾಳಾಗುವುದಿಲ್ಲ. ಮೊದಲಿದ್ದ ಪೂರಕ ಪರೀಕ್ಷೆಯ ಬದಲು ಈಗ ಪರೀಕ್ಷೆ-1, ಪರೀಕ್ಷೆ-2 ಅಂತ ನಡೆಸುತ್ತಾರೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಜಾಸ್ತಿ ಬಂದ ಅಂಕವೇ ಉಳಿಯುತ್ತದೆ. ಅಂಕ ಯಾಕೋ ಕಡಿಮೆ ಬಂದಿದೆ ಅನಿಸಿದರೆ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ, ಆ ವಿಷಯದ ಮೇಷ್ಟ್ರಿಗೆ ತೋರಿಸಿ, ಆಮೇಲೆ ಮರುಮೌಲ್ಯಮಾಪನಕ್ಕೆ ಹಾಕಿ. ಪ್ರತಿ ನೋಡದೆ ದುಡ್ಡು ಕಟ್ಟಬೇಡಿ.

ಎರಡನೇ ವರ್ಷಕ್ಕೆ ಬದಲಾಯಿಸುವ ಯೋಚನೆ ಬಿಟ್ಟುಬಿಡಿ. ಮೊದಲ ವರ್ಷ ಓದಿದ ವಿಷಯಗಳನ್ನೇ ಎರಡನೇ ವರ್ಷವೂ ಓದಬೇಕು. ಬದಲಾವಣೆ ಏನಿದ್ದರೂ ಪ್ರಥಮ ಪಿಯುಸಿಗೆ ಸೇರಿದ ಶುರುವಿನ ದಿನಗಳಲ್ಲೇ, ಅದೂ ಆ ಕಾಂಬಿನೇಷನ್‌ನಲ್ಲಿ ಸೀಟು ಉಳಿದಿದ್ದರೆ. ಹಾಗಾಗಿ ಮೊದಲ ವಾರಗಳಲ್ಲಿ ಅವಳು ಸಂಜೆ ಬಂದು ಏನು ಹೇಳುತ್ತಾಳೆ ಅಂತ ಗಮನ ಕೊಟ್ಟು ಕೇಳಿ. ಪ್ರಥಮ ಪಿಯುಸಿ ಅಂಕ ಕೊನೆಯ 600ಕ್ಕೆ ಸೇರುವುದಿಲ್ಲ ಅಂತ ಮಕ್ಕಳು ಆ ವರ್ಷವನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಲೆಕ್ಕಶಾಸ್ತ್ರದಲ್ಲಂತೂ ಅದು ಆಗದ ಮಾತು. ಮೊದಲ ವರ್ಷದ ಜರ್ನಲ್, ಲೆಡ್ಜರ್ ಬರದವರಿಗೆ ಎರಡನೇ ವರ್ಷದ ಪಾಲುದಾರಿಕೆ ಲೆಕ್ಕ ಒಂದು ಸಾಲೂ ಅರ್ಥವಾಗುವುದಿಲ್ಲ.

ನೀವು ಕೇಳದೇ ಇದ್ದರೂ ಹಾಜರಾತಿ ಬಗ್ಗೆ ಹೇಳಲೇಬೇಕು. 75 ಪರ್ಸೆಂಟ್ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ವಾರ ಮಕ್ಕಳು ಕಾಲೇಜಿಗೆ ಬರುವುದಿಲ್ಲ, ಅದರಲ್ಲೂ ಹೆಣ್ಣುಮಕ್ಕಳು. ಕೈ ಸಾಲದ ಕಷ್ಟ ನನಗೂ ಗೊತ್ತು. ಆದರೆ ವರ್ಷಕ್ಕೆ ಎಷ್ಟು ಬೆಳೆ ತೆಗೆಯುತ್ತೀರಿ ಅಂತ ನೀವೇ ಎಣಿಸಿ ನೋಡಿ. ಪ್ರತಿ ಬೆಳೆಗೂ ಅವಳನ್ನು ಉಳಿಸಿಕೊಂಡರೆ ಹಾಜರಾತಿ, ಕಿರುಪರೀಕ್ಷೆ, ಆಂತರಿಕ ಅಂಕ ಮೂರೂ ಒಟ್ಟಿಗೆ ಹೋಗುತ್ತವೆ. ಆ ವಾರಕ್ಕೆ ಕೂಲಿಯವರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಇನ್ನು ಕಾಲೇಜು ಹುಡುಕುವುದು. ಶಿಡ್ಲಘಟ್ಟದಲ್ಲಿ ಮೊದಲು ವಿಚಾರಿಸಿ, ಇಲ್ಲದಿದ್ದರೆ ಚಿಕ್ಕಬಳ್ಳಾಪುರ, ಚಿಂತಾಮಣಿ. ಸಂಖ್ಯಾಶಾಸ್ತ್ರ ಅಥವಾ ಬೇಸಿಕ್ ಮ್ಯಾಥ್ಸ್ ಬೋರ್ಡಿನ ಮೇಲೆ ಬರೆದಿದ್ದರೆ ಸಾಲದು, ಈ ವರ್ಷ ಪಾಠ ಮಾಡಲು ಯಾರಿದ್ದಾರೆ ಅಂತ ಕೇಳಿ. ಕಳೆದ ವರ್ಷ ಅದೇ ಕಾಂಬಿನೇಷನ್ ಓದಿದ ಒಬ್ಬ ಹುಡುಗಿಯನ್ನು ಮಾತಾಡಿಸಿದರೆ ಇನ್ನೂ ಒಳ್ಳೆಯದು. ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ಖರ್ಚಿಲ್ಲ. ಸಂಜೆ ಕ್ಲಾಸ್ ಬಿಟ್ಟಮೇಲೆ ನಿಮ್ಮ ಹಳ್ಳಿಗೆ ಬಸ್ಸು ಇದೆಯಾ ಅನ್ನುವುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಈಗಲೇ ನಾಡಕಚೇರಿಯಲ್ಲಿ ಅರ್ಜಿ ಕೊಡಿ, ಸ್ಕಾಲರ್‌ಶಿಪ್ ಹಾಕುವಾಗ ಬೇಕಾಗುತ್ತದೆ.

ಎಲ್ಲಿ ಹುಡುಕಿದರೂ ಹೆಚ್‌ಇಬಿಎ ಮಾತ್ರ ಸಿಕ್ಕಿತು ಅಂದುಕೊಳ್ಳಿ, ಅದಕ್ಕೇ ಸೇರಿಸಿ, ಅದಕ್ಕಾಗಿ ಪಿಸಿಎಂಬಿಗೆ ತಿರುಗಬೇಡಿ. ಹತ್ತನೇ ತರಗತಿಯ ಗಣಿತ ಪುಸ್ತಕವನ್ನು ಮಾತ್ರ ಹಳೇ ಪೇಪರ್ ಜೊತೆ ಹಾಕಬೇಡಿ. ಶೇಕಡಾವಾರು, ಬಡ್ಡಿ, ಅನುಪಾತ, ಸರಾಸರಿ ಲೆಕ್ಕಗಳನ್ನು ವಾರಕ್ಕೊಮ್ಮೆಯಾದರೂ ಮಾಡುತ್ತಿರಲಿ. ಅಡ್ಮಿಷನ್ ಹೊತ್ತಿಗೆ ಎರಡು ಕಾಲೇಜಿನ ನಡುವೆ ಗೊಂದಲ ಆದರೆ ಎರಡರಲ್ಲೂ ಇರುವ ಕಾಂಬಿನೇಷನ್ ಪಟ್ಟಿಯನ್ನು ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.